ಟಿಎಸ್9 ಪೆಡಲ್ ಜೊತೆ ನಾಲ್ಕು ವರ್ಷ: ಬಾಸ್ ಇಳಿಸಿದ ಮೇಲೆ ಟೋನ್ ಬಿಗಿಯಾಯ್ತು

ಐಬನೇಝ್ ಟ್ಯೂಬ್ ಸ್ಕ್ರೀಮರ್ ಟಿಎಸ್9, ಅಂದರೆ ಎಲೆಕ್ಟ್ರಿಕ್ ಗಿಟಾರ್‌ಗೂ ಆಂಪ್‌ಗೂ (ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ನಡುವೆ ಹಾಕೋ ಪೆಡಲ್, ತಗೊಂಡು ನಾಲ್ಕು ವರ್ಷ ದಾಟಿತು. ಹಸಿರು ಡಬ್ಬಿ, ಮೂರು ನಾಬ್ (ಗರಗರಕ್ಕೆ ಡ್ರೈವ್, ಸ್ವರದ ಬಣ್ಣಕ್ಕೆ ಟೋನ್, ಸದ್ದಿನ ಮಟ್ಟಕ್ಕೆ ಲೆವೆಲ್), ಒಂದು ಸ್ವಿಚ್, ಅಷ್ಟೇ. ಮೊದಲ ವಾರ ಮಾತ್ರ ದುಡ್ಡು ನೀರಿಗೆ ಹಾಕಿದೆ ಅಂತಲೇ ಅನ್ನಿಸಿತ್ತು. ಆಂಪ್‌ನ ಕ್ಲೀನ್ ಚಾನೆಲ್‌ಗೆ (ಗರಗರ ಇಲ್ಲದ ಸಾದಾ ಸದ್ದಿನದು) ಸಿಕ್ಕಿಸಿ, ಡ್ರೈವ್ ಪೂರ್ತಿ ತಿರುಗಿಸಿ, ಇನ್ನೇನು ಗೋಡೆ ಬೀಳುತ್ತೆ ಅಂತ ಕಾದರೆ ಬಂದಿದ್ದು ಬ್ಲೂಸ್ ನುಡಿಸೋರಿಗೆ ಇಷ್ಟ ಆಗುವಂಥ ಮೆತ್ತನೆಯ, ಸ್ವಲ್ಪ ಮೂಗಿನ ಸ್ವರ. ತಪ್ಪು ಪೆಡಲ್‌ದಲ್ಲ, ನನ್ನದು. ಇದು 1982ರಲ್ಲಿ ಬಂದ ಓವರ್‌ಡ್ರೈವ್, ಅಂದರೆ ಸ್ವರಕ್ಕೆ ಹದವಾದ ಗರಗರ ಕೊಡೋ ಪೆಡಲ್. ಹೆವಿ ಮೆಟಲ್‌ಗೆ ಅಂತ ಮಾಡಿದ್ದೇ ಅಲ್ಲ.

ನನ್ನ ಕಥೆ ಇಷ್ಟು. ಬಳ್ಳಾರಿಯ ಕೌಲ್ ಬಜಾರ್ ಕಡೆ ಮೊದಲ ಮಹಡಿಯಲ್ಲಿ ಒಂದು ರೂಮು. ಕೆಳಗೆ ಜೀನ್ಸ್ ಹೊಲಿಯೋ ಘಟಕ. ಗಿಟಾರ್‌ಗೆ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ), ಡ್ರಾಪ್ ಸಿ ಟ್ಯೂನಿಂಗ್, ಅಂದರೆ ತಂತಿಗಳನ್ನ ಸಡಿಲಿಸಿ ಸ್ವರ ಕೆಳಗಿಳಿಸಿದ್ದು. ಆಂಪ್ ಸೆಕೆಂಡ್ ಹ್ಯಾಂಡ್, 40 ವ್ಯಾಟ್, ಟ್ರಾನ್ಸಿಸ್ಟರಿನದು, 10 ಇಂಚಿನ ಸ್ಪೀಕರ್. ಬಾಸ್ (ತಗ್ಗು ಸ್ವರ) 8ಕ್ಕೆ, ಗೇನ್ (ಆಂಪ್‌ನ ಗರಗರ) 10ಕ್ಕೆ, ಮಿಡ್ (ನಡು ಸ್ವರ) ಸೊನ್ನೆಗೆ ಇಟ್ಟು ಒಬ್ಬನೇ ಕೂತು ನುಡಿಸಿದರೆ ನನಗೆ ನಾನೇ ದೊಡ್ಡ ಸ್ಟಾರ್ ಅನ್ನಿಸೋದು. ಡ್ರಮ್ಮರ್ ಮತ್ತು ಬಾಸ್ ಗಿಟಾರ್ ಗೆಳೆಯ ಬಂದು ಕೂತರೆ ನಾನು ಮಾಯ. ಒಂದೇ ಸಮನೆ ಗುಂಯ್ ಅನ್ನೋ ರಾಡಿ. ಒಂದು ದಿನ ಕೆಳಗಿನ ಮೇಸ್ತ್ರಿ ಮೇಲೆ ಬಂದು ಕೇಳಿದರು, "ಕರೆಂಟ್ ಐತಲ್ಲ, ಯಾಕೆ ಜನರೇಟರ್ ಹಾಕೀರಿ?"

ಆಮೇಲೆ ಗಮನ ಕೊಟ್ಟು ಕೇಳಿದೆ. ಅವರ ಮಷಿನ್‌ಗಳು ಡೆನಿಮ್ ದಪ್ಪ ಮಡಿಕೆ ಮೇಲೆ ಓಡುವಾಗ ಟಕಟಕಟಕ ಅಂತ ಒಂದೊಂದು ಹೊಲಿಗೆಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು, ಎಷ್ಟೇ ಜೋರಾಗಿ ಓಡಿದರೂ. ನನ್ನ ಪಾಮ್ ಮ್ಯೂಟ್, ಅಂದರೆ ಅಂಗೈ ಅಂಚಿನಿಂದ ತಂತಿ ಅದುಮಿ ಹೊಡೆಯೋ ಪೆಟ್ಟು, ಹಾಗೆ ಕೇಳಬೇಕಿತ್ತು. 2011ರ ಅಕ್ಟೋಬರ್ 30ಕ್ಕೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಅರಮನೆ ಮೈದಾನದಲ್ಲಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳಿದ್ದೆ. ಎಲ್ಲೋ ಹಿಂದೆ, ಕಾಲಿಡಕ್ಕೂ ಜಾಗ ಇಲ್ಲದ ಕಡೆ ನಿಂತಿದ್ದೆ. ಅಲ್ಲಿಗೂ ಒಂದೊಂದು ಪೆಟ್ಟು ಎದೆಗೆ ಬಂದು ಬಡಿದು ಅಲ್ಲೇ ನಿಲ್ಲುತ್ತಿತ್ತು. ಆ "ನಿಲ್ಲೋದು" ನನ್ನ ಆಂಪ್‌ನಲ್ಲಿ ಇರಲಿಲ್ಲ.

ಬಾಸ್ ಜಾಸ್ತಿ ಮಾಡಿದಷ್ಟೂ ಬಿಗಿ ಕಮ್ಮಿ ಆಗುತ್ತೆ ಅನ್ನೋದು ನನ್ನ ತಲೆಗೆ ಹೋಗಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಡ್ರಾಪ್ ಸಿಯಲ್ಲಿ ದಪ್ಪ ತಂತಿ ಸುಮಾರು 65 ಹರ್ಟ್ಸ್. ಗಿಟಾರ್ ಸ್ಪೀಕರ್‌ಗಳು ಹೆಚ್ಚೂಕಮ್ಮಿ 80ರ ಕೆಳಗೆ ಸುಸ್ತಾಗಿಬಿಡುತ್ತವೆ. ನಾವು ಹೆವಿ ಅಂತ ಕೇಳೋದರಲ್ಲಿ ದೊಡ್ಡ ಪಾಲು ಅದಕ್ಕಿಂತ ಮೇಲಿರೋ ಸ್ವರಗಳು ಮತ್ತು ಪಿಕ್ ತಂತಿಗೆ ತಾಗುವ ಆ ಚಟ್ ಅನ್ನೋ ಸದ್ದು. ದಪ್ಪ ಅಲೆಗಳು ಡಿಸ್ಟಾರ್ಷನ್ (ಆಂಪ್ ಸ್ವರವನ್ನ ಒಡೆದು ಗರಗರ ಮಾಡೋ ಹಂತ) ಒಳಗೆ ಹೋದರೆ ಸಂಡೂರು ರಸ್ತೆಯಲ್ಲಿ ಅದಿರು ಲಾರಿ ಅಡ್ಡ ಬಂದ ಹಾಗೆ, ಇರೋ ಜಾಗವನ್ನೆಲ್ಲ ಅದೇ ತುಂಬಿಕೊಳ್ಳುತ್ತೆ, ಹಿಂದಿನ ಬೈಕುಗಳು ಧೂಳು ಕುಡೀತಾ ನಿಲ್ಲಬೇಕು. ಡಿಸ್ಟಾರ್ಷನ್ ಆದ ಮೇಲೆ ಆಂಪ್‌ನ ಬಾಸ್ ನಾಬ್ ಇಳಿಸಿದರೆ ರಾಡಿಯ ಪ್ರಮಾಣ ಇಳಿಯುತ್ತೆ, ರಾಡಿ ಹೋಗಲ್ಲ. ಡಿಸ್ಟಾರ್ಷನ್‌ಗೆ ಮುಂಚೆಯೇ ಇಳಿಸಬೇಕು.

ಟಿಎಸ್9 ಮಾಡೋದು ಇದನ್ನೇ. ಅದರ ಸರ್ಕ್ಯೂಟ್ ಸುಮಾರು 720 ಹರ್ಟ್ಸ್‌ನಿಂದ ಕೆಳಗೆ ಹೋದಂತೆ ಸ್ವರಗಳನ್ನ ಕಮ್ಮಿ ಕಮ್ಮಿ ಎತ್ತುತ್ತೆ, ಮಿಡ್ ಮಾತ್ರ ಉಬ್ಬಿಸುತ್ತೆ. ಬ್ಲೂಸ್‌ನವರು, ಸ್ಟೀವಿ ರೇ ವಾನ್ ಥರದವರು, ಅದನ್ನ ಸೋಲೋಗೆ ಬಳಸಿದರು. ಮೆಟಲ್‌ನವರು ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ಅರ್ಧ ಇಟ್ಟು ಆಂಪ್‌ನ ಡಿಸ್ಟಾರ್ಷನ್ ಚಾನೆಲ್ ಮುಂದೆ ಹಾಕುತ್ತಾರೆ. ಪೆಡಲ್ ಹೊಸದಾಗಿ ಗರಗರ ಸೇರಿಸೋದಲ್ಲ, ಆಂಪ್‌ನ ಬಾಯಿಗೆ ಹೋಗೋದನ್ನ ಸೋಸಿ ಕೊಡೋದು.

ಹಾಗೆ ಮಾಡಿದ ಮೊದಲ ಸಂಜೆ ನೆನಪಿದೆ. ಒಗ್ಗರಣೆ ಮಿರ್ಚಿ ತಿಂದು ಬಂದು, ಬೆರಳಿನ ಎಣ್ಣೆ ಪ್ಯಾಂಟಿಗೆ ಒರೆಸಿಕೊಂಡು, ಗೇನ್ 10ರಿಂದ 5ಕ್ಕೆ ಇಳಿಸಿದೆ. ಬಾಸ್ 4. ಮಿಡ್ 6. ಅಂಗೈ ಅಂಚನ್ನ ಬ್ರಿಡ್ಜ್ ಮೇಲೆ ಇಟ್ಟು ದಪ್ಪ ತಂತಿಗೆ ಒಂದೇ ಒಂದು ಪೆಟ್ಟು. ಚಗ್. ಬಂತು, ನಿಂತಿತು. ಇನ್ನೊಂದು. ಚಗ್. ಮಧ್ಯೆ ನಿಶ್ಶಬ್ದ ಅಂತ ಒಂದಿತ್ತು! ಅದೇ ಮೊದಲ ಸಲ ಗೊತ್ತಾಗಿದ್ದು ನನ್ನ ಬಲಗೈ ಎಷ್ಟು ಸೋಮಾರಿ ಅಂತ. ಜೋರಾಗಿ ಹದಿನಾರು ಪೆಟ್ಟು ಹೊಡೆದರೆ ಅದರಲ್ಲಿ ನಾಲ್ಕೈದು ಆಚೀಚೆ. ಹಿಂದೆ ರಾಡಿ ಎಲ್ಲ ಮುಚ್ಚಿಡುತ್ತಿತ್ತು. ಇದನ್ನ ಪೆಡಲ್‌ನ ದೋಷ ಅನ್ನಬೇಕೋ ಗುಣ ಅನ್ನಬೇಕೋ, ಮೊದಲ ತಿಂಗಳು ನನಗೆ ಸಿಟ್ಟೇ ಬಂದಿತ್ತು.

ಅದಾದ ಮೇಲೆ ಒಂದೊಂದೇ ಬದಲಾಯ್ತು. ತೆಳ್ಳಗಿನ 10ರ ಸೆಟ್ ತಂತಿಗಳು ಡ್ರಾಪ್ ಸಿಯಲ್ಲಿ ಒಣ ಹಾಕಿದ ಬಟ್ಟೆ ಹಗ್ಗದ ಥರ ಜೋತಾಡುತ್ತಿದ್ದವು, ಹೊಡೆದ ಕ್ಷಣ ಸ್ವರ ಮೇಲೆ ಹೋಗಿ ಆಮೇಲೆ ಇಳಿಯೋದು. ಇನ್ನೂ ದಪ್ಪದ 11-56ರ ಸೆಟ್ ಹಾಕಿದೆ. ಇದರಿಂದ ಆದ ಲಾಭ ಪೆಡಲ್‌ನಷ್ಟೇ ದೊಡ್ಡದು, ಬೆಲೆ ಅದರ ಒಂದು ಚೂರು. ಪೆಡಲ್‌ಗೆ ದುಡ್ಡು ಕೂಡಿಸುತ್ತಿರೋರು ಮೊದಲು ಇದನ್ನ ಮಾಡಿ.

ಆಂಪ್ ಮೂಲೆಯಲ್ಲಿತ್ತು, ಕಡಪ ಕಲ್ಲಿನ ನೆಲದ ಮೇಲೆ. ಮೂಲೆಯಲ್ಲಿ ಬಾಸ್ ತಾನಾಗೇ ಉಬ್ಬುತ್ತೆ. ಗೋಡೆಯಿಂದ ಮೂರಡಿ ಮುಂದೆ ತಂದೆ. ಮೇಸ್ತ್ರಿಯವರು ಒಂದು ಗೋಣಿಚೀಲ ಡೆನಿಮ್ ಕತ್ತರಿಕೆ ಚೂರು ಕೊಟ್ಟರು, ಅದನ್ನ ಗಟ್ಟಿ ಕಟ್ಟಿ, ಮೇಲೆ ಹಲಗೆ ಇಟ್ಟು ಆಂಪ್ ಕೂರಿಸಿದೆ. ನೆಲದ ನಡುಕ ಕೆಳಗಿನ ಘಟಕಕ್ಕೆ ಇಳಿಯೋದು ಕಮ್ಮಿ ಆಯ್ತು, ಅವರ ದೂರೂ ಕಮ್ಮಿ ಆಯ್ತು.

ಈಗ ತೊಂದರೆಗಳು. ಲೆವೆಲ್ ಪೂರ್ತಿ ಇಟ್ಟರೆ ಗಿಟಾರ್ ಜೊತೆ ಎಲ್ಲ ಗಲೀಜು ಸದ್ದೂ ದೊಡ್ಡದಾಗುತ್ತೆ. ನಮ್ಮದು ಹಳೇ ಮನೆ, ಮೂರು ಪಿನ್ನಿನ ಸಾಕೆಟ್ ಇತ್ತು, ಅದರ ಹಿಂದೆ ಅರ್ತ್ ವೈರೇ ಇರಲಿಲ್ಲ. ತಂತಿ ಮುಟ್ಟಿದರೆ ಕೈ ಜುಮ್ ಅನ್ನೋದು. ಇದನ್ನ ಹಗುರವಾಗಿ ತಗೋಬೇಡಿ, ಹಮ್‌ಗಿಂತ (ಆಂಪ್‌ನ ಗುಂಯ್ ಸದ್ದು) ಜೀವ ಮುಖ್ಯ. ಎಲೆಕ್ಟ್ರಿಷಿಯನ್ ಕಾಂಪೌಂಡ್ ಪಕ್ಕ ಗುಂಡಿ ತೋಡಿ, ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ. ಜುಮ್ ಅನ್ನೋದು ನಿಂತಿತು, ಹಮ್ ಮುಕ್ಕಾಲು ಹೋಯ್ತು. ನಮ್ಮೂರ ಬೇಸಿಗೆಗೆ ಮಣ್ಣು ಬೂದಿ ಥರ ಒಣಗುತ್ತೆ, ಹಂಗಾಗಿ ಮಾರ್ಚ್‌ನಿಂದ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ. ಉಳಿದ ಸುಯ್ ಅನ್ನೋ ಸದ್ದಿಗೆ ನಾಯ್ಸ್ ಗೇಟ್ (ನುಡಿಸದಾಗ ಸದ್ದನ್ನ ತಡೆಯೋದು) ಹಾಕಿದೆ. ಪೆಟ್ಟು ಇನ್ನೂ ಚುರುಕಾಗಿ ನಿಲ್ಲೋಕೆ ಅದೂ ಸಹಾಯ ಮಾಡುತ್ತೆ.

ಅಡಾಪ್ಟರ್ ವಿಷಯದಲ್ಲಿ ಜಿಪುಣತನ ಬೇಡ. ಬೇಕಾಗಿರೋದು 9 ವೋಲ್ಟ್, ನಡುವಿನ ಪಿನ್ ನೆಗೆಟಿವ್. ಅಂಗಡಿಯಲ್ಲಿ ಸುಮ್ನೆ "9 ವೋಲ್ಟ್ ಕೊಡಿ" ಅಂದರೆ ನಡು ಪಾಸಿಟಿವ್ ಇರೋದೂ ಕೈಗೆ ಬರಬಹುದು, ಅದರ ಮೇಲಿನ ಚಿತ್ರ ನೋಡಿಯೇ ತಗೊಳ್ಳಿ. ಧೂಳಿನ ಬಗ್ಗೆ ಬಳ್ಳಾರಿಯವರಿಗೆ ನಾನು ಹೇಳೋದೇನಿದೆ. ಮೂರನೇ ವರ್ಷ ಲೆವೆಲ್ ನಾಬ್ ತಿರುಗಿಸಿದರೆ ಕರಕರ ಅನ್ನೋಕೆ ಶುರು ಮಾಡ್ತು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಹೊಡೆದು ಹತ್ತಿಪ್ಪತ್ತು ಬಾರಿ ಆ ಕಡೆ ಈ ಕಡೆ ತಿರುಗಿಸಿದೆ, ಸರಿಯಾಯ್ತು. ಈಗ ನುಡಿಸದಾಗ ಹಳೇ ಕಾಲುಚೀಲದಲ್ಲಿ ಸುತ್ತಿಡುತ್ತೇನೆ.

ಯಾರಿಗೆ ಬೇಡ? ನಿಮ್ಮ ಆಂಪ್‌ನಲ್ಲಿ ಒಳ್ಳೇ ಡಿಸ್ಟಾರ್ಷನ್ ಇಲ್ಲದಿದ್ದರೆ ಬೇಡ, ಇದೊಂದರಿಂದಲೇ ಮೆಟಲ್ ಬರಲ್ಲ. ನಿಮ್ಮದು ಡಿಜಿಟಲ್ ಮಾಡೆಲಿಂಗ್ ಆಂಪ್ (ಬೇರೆ ಆಂಪ್, ಪೆಡಲ್‌ಗಳ ಸದ್ದನ್ನ ಅನುಕರಿಸೋದು) ಆಗಿದ್ದರೆ ಮೊದಲು ಅದರೊಳಗೇ ಹಸಿರು ಓವರ್‌ಡ್ರೈವ್ ಇದೆಯಾ ನೋಡಿ, ಎಷ್ಟೋ ಆಂಪ್‌ಗಳಲ್ಲಿ ಇರುತ್ತೆ. ಬೆಲೆ ಜಾಸ್ತಿ ಅನ್ನಿಸಿದರೆ ಬಾಸ್ (Boss) ಕಂಪನಿಯ ಎಸ್‌ಡಿ-1 ಪೆಡಲ್ ಕೂಡ ಇದೇ ಕೆಲಸವನ್ನ ಚೆನ್ನಾಗಿಯೇ ಮಾಡುತ್ತೆ. ಗೆಳೆಯನದನ್ನ ಒಂದು ವಾರ ಇಟ್ಟುಕೊಂಡು ನೋಡಿದ್ದೇನೆ, ಬ್ಯಾಂಡ್ ಜೊತೆ ನುಡಿಸುವಾಗ ಯಾವುದು ಯಾವುದು ಅಂತ ಡ್ರಮ್ಮರ್‌ಗೆ ಗೊತ್ತಾಗಲಿಲ್ಲ. ಡ್ರಮ್ಮರ್‌ಗೆ ಏನು ಗೊತ್ತಾಗುತ್ತೆ ಅಂತ ಕೇಳಬೇಡಿ.

ಬ್ಯಾಟರಿ ಹಾಕಿ ಬಳಸೋರಿಗೆ ಒಂದು ಮಾತು. ಸ್ವಿಚ್ ಆಫ್ ಇದ್ದರೂ ಇನ್‌ಪುಟ್‌ನಲ್ಲಿ ಕೇಬಲ್ ಇರೋ ತನಕ ಬ್ಯಾಟರಿ ಖರ್ಚಾಗುತ್ತಲೇ ಇರುತ್ತೆ. ನುಡಿಸಿ ಆದ ಮೇಲೆ ಕೇಬಲ್ ಕಿತ್ತಿಡಿ. ನಾನು ಮರೆತು ಮೂರು ಬ್ಯಾಟರಿ ಕಳೆದೆ, ಮೂರನೆಯದು ಹೋಗಿದ್ದು ಹೊಸಪೇಟೆಯಲ್ಲಿ ವೇದಿಕೆ ಹತ್ತೋಕೆ ಹತ್ತು ನಿಮಿಷ ಇರುವಾಗ.