ಎರಡು ಅಡುಗೆಕಟ್ಟೆ: ಒಂದನ್ನು ನಾನು ಕತ್ತರಿಸಿದೆ, ಇನ್ನೊಂದನ್ನು ಕೆಲಸದವರು

ಹಳೆಯ ಫ್ರಿಜ್ ಹತ್ತೊಂಬತ್ತು ವರ್ಷ ದುಡಿದು ನಿಂತಿತು. ಹೊಸದನ್ನು ತಂದು ನಿಲ್ಲಿಸಲು ಹೋದರೆ ಗೋಡೆಗೂ ಅಡುಗೆಕಟ್ಟೆಗೂ ನಡುವಿನ ಜಾಗ ಎರಡು ಇಂಚು ಸಾಲದು. ಪಕ್ಕದಲ್ಲಿ ಗಾಳಿಯಾಡಲು ಇನ್ನರ್ಧ ಇಂಚು ಬೇಕು. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಜಾರದ ನಡುವೆ ಫ್ರಿಜ್ ಅತಿಥಿಯಂತೆ ನಿಂತಿದ್ದಾಗಲೇ ಮಂಡ್ಯದಿಂದ ಅಮ್ಮನ ಫೋನ್ ಬಂತು. ವಾಕರ್ ಹಿಡಿದು ಹಿತ್ತಲ ಬಾಗಿಲಿಗೆ ಹೋಗುವಾಗ ಅಲ್ಲಿಯ ಕಟ್ಟೆಯ ಮೂಲೆ ಸೊಂಟಕ್ಕೆ ತಾಗುತ್ತಿದೆಯಂತೆ. "ಆ ಕಲ್ಲನ್ನು ನಾಲ್ಕು ಬೆರಳು ಕಡಿಸಿಕೊಡಪ್ಪ" ಎಂದರು.

ಮೈಸೂರಿನದನ್ನು ನಾನೇ ಕತ್ತರಿಸಿದ್ದು ಶೌರ್ಯದಿಂದಲ್ಲ. ಮೂವರು ಗ್ರಾನೈಟ್ ಕೆಲಸದವರು ಬಂದು, ಟೇಪ್ ಹಿಡಿದು ಅಳೆದು, ಕಾಫಿ ಕುಡಿದು ಹೋದರು. ಮತ್ತೆ ಬರಲಿಲ್ಲ. ಅವರ ಕಷ್ಟವೂ ಅರ್ಥವಾಗುತ್ತದೆ. ಎರಡಡಿ ಉದ್ದದ ಒಂದು ಗೆರೆಗಾಗಿ ಮಷೀನ್ ಹೊತ್ತು ಬಂದರೆ ಅವರ ದಿನದ ಕೂಲಿ ಹುಟ್ಟುವುದಿಲ್ಲ. "ಇಡೀ ಅಡುಗೆಮನೆಯ ಕೆಲಸವಿದ್ದರೆ ಹೇಳಿ ಸಾರ್" ಎಂದು ಒಬ್ಬರು ನೇರವಾಗಿಯೇ ಹೇಳಿದರು. ಮಂಡ್ಯದಲ್ಲಿ ಮಾತ್ರ ಅಮ್ಮನ ಪಕ್ಕದ ಮನೆಯಲ್ಲಿ ನೆಲದ ಕೆಲಸ ನಡೆಯುತ್ತಿತ್ತು. ಅಲ್ಲಿದ್ದವರೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದರು.

ನನ್ನ ಸಾಹಸದ ಖರ್ಚು ಹೀಗಿತ್ತು: ನಾಲ್ಕಿಂಚಿನ ಗ್ರೈಂಡರ್‌ಗೆ 2,300 ರೂಪಾಯಿ, ಎರಡು ಡೈಮಂಡ್ ಬ್ಲೇಡ್‌ಗೆ 500, ಪಾಲಿಷ್ ಪ್ಯಾಡ್‌ಗಳಿಗೆ 850, ಕನ್ನಡಕ ಮತ್ತು ಮಾಸ್ಕ್‌ಗೆ 300. ಒಟ್ಟು 3,950. ಮಂಡ್ಯದಲ್ಲಿ ಕೊಟ್ಟದ್ದು ಎಲ್ಲ ಸೇರಿ 2,000. ಹಣ ಉಳಿಸಲೆಂದು ಈ ಕೆಲಸಕ್ಕೆ ಕೈಹಾಕುವವರು ಮೊದಲು ಈ ಲೆಕ್ಕವನ್ನು ನೋಡಿಕೊಳ್ಳಬೇಕು. ಗ್ರೈಂಡರ್ ಮನೆಯಲ್ಲೇ ಉಳಿಯಿತಲ್ಲ ಎಂದು ಹೆಂಡತಿಗೆ ಹೇಳಿದೆ. ಆಕೆ ಅದನ್ನು ಅಟ್ಟದ ಮೇಲಿಟ್ಟಳು.

ಎರಡೂ ಕಡೆ ಕಲ್ಲಿನ ದಪ್ಪ ಸುಮಾರು 20 ಮಿಲಿಮೀಟರ್. ಎರಡೂ ಕಡೆ ಕಟ್ಟೆಯ ತುದಿ ಕೆಳಗಿನ ಕಡಪ ಕಲ್ಲಿನ ಆಸರೆಯಿಂದ ಹೊರಗೆ ಚಾಚಿಕೊಂಡಿತ್ತು. ಹಾಗಿಲ್ಲದೆ ಆಸರೆಯೇ ಗೆರೆಯ ಕೆಳಗೆ ಬರುವಂತಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಸಿಂಕಿಗೋ ಒಲೆಗೋ ಕೊರೆದ ಕಿಂಡಿಯ ಪಕ್ಕದಲ್ಲೂ ಅಷ್ಟೇ. ಅಲ್ಲಿ ಉಳಿದಿರುವ ಕಲ್ಲಿನ ಪಟ್ಟಿ ಕಿರಿದು, ಮಷೀನಿನ ಅದುರಿಗೇ ಸೀಳಬಹುದು.

ಕತ್ತರಿಸುವ ಕೆಲಸವೇ ಕಷ್ಟವೆಂದು ಎಣಿಸಿದ್ದೆ. ಅದು ಎಲ್ಲಕ್ಕಿಂತ ಸುಲಭವಾಯಿತು. ಅಂಚು ಇಡಿಯಾಗಿರುವ ಬ್ಲೇಡ್ ಕೊಂಡಿದ್ದೆ. ಹಲ್ಲು ಹಲ್ಲಾಗಿರುವುದು ಬೇಗ ಕತ್ತರಿಸುತ್ತದೆ, ಚಕ್ಕೆಯೂ ಹೆಚ್ಚು ಏಳಿಸುತ್ತದೆ. ಗೆರೆಯ ಮೇಲೆ ಕಾಗದದ ಟೇಪ್ ಅಂಟಿಸಿ, ಅಲ್ಯೂಮಿನಿಯಂ ಪಟ್ಟಿಯೊಂದನ್ನು ಬಿಗಿದು, ಅದಕ್ಕೆ ಆನಿಸಿ ಮಷೀನ್ ಓಡಿಸಿದೆ. ಒಂದೊಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರ್ ಆಳ. ಮಗ ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದ. ನೀರು, ವಿದ್ಯುತ್ತು ಎರಡೂ ಒಂದೇ ಕಡೆ ಇದ್ದುದರಿಂದ 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಸಾಲಿನಿಂದಲೇ ಪ್ಲಗ್ ತೆಗೆದುಕೊಂಡೆ. ಅದಿಲ್ಲದಿದ್ದರೆ ಮಗನನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಬೀಳುವ ತುಂಡು ಎರಡು ಕಿಲೊಗೂ ಸ್ವಲ್ಪ ಹೆಚ್ಚು. ಅದರ ಭಾರಕ್ಕೇ ಕೊನೆಯಲ್ಲಿ ಕಲ್ಲು ಮುರಿಯಬಾರದೆಂದು ಕೆಳಗೆ ಡಬ್ಬ, ಅದರ ಮೇಲೆ ಹಳೆಯ ಪಂಚಾಂಗಗಳನ್ನು ಪೇರಿಸಿ ಆನಿಕೆ ಕೊಟ್ಟಿದ್ದೆ.

ತೊಡಕು ಎದ್ದದ್ದು ಎರಡು ತುದಿಗಳಲ್ಲಿ. ಮುಂದಿನ ಅಂಚಿಗೆ ಕೆಳಗಿನಿಂದ ಇನ್ನೊಂದು ಪಟ್ಟಿ ಅಂಟಿಸಿ ದಪ್ಪ ಮಾಡಿರುತ್ತಾರೆ. ಅಲ್ಲಿ ಕಲ್ಲು 40 ಮಿಲಿಮೀಟರ್. ನಾಲ್ಕಿಂಚಿನ ಬ್ಲೇಡ್ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಮಲಗಿಕೊಂಡು ಕೆಳಗಿನಿಂದ ಕತ್ತರಿಸಬೇಕಾಯಿತು, ಕೆಸರೆಲ್ಲ ಮುಖದ ಮೇಲೆ. ಹಿಂದಿನ ತುದಿಯಲ್ಲಿ ಗೋಡೆ. ಬ್ಲೇಡ್ ದುಂಡಗಿರುವುದರಿಂದ ಮೂಲೆಯಲ್ಲಿ ಒಂದು ಮುಕ್ಕೋನ ಕತ್ತರಿಸದೆ ಉಳಿಯುತ್ತದೆ. ದಣಿದಿದ್ದೆ, ಆತುರಪಟ್ಟೆ, ತುಂಡನ್ನು ಕೈಯಿಂದ ಕೆಳಕ್ಕೆ ಅದುಮಿ ಮುರಿದೆ. ಮುರಿತ ಗೆರೆ ದಾಟಿ ಒಳಕ್ಕೆ ಓಡಿ, ಹೆಬ್ಬೆರಳಿನ ಉಗುರಿನಷ್ಟು ಚಕ್ಕೆ ಕಿತ್ತುಕೊಂಡು ಬಂತು.

ಮಂಡ್ಯದ ಮೇಸ್ತ್ರಿ ಟೇಪನ್ನೂ ಅಂಟಿಸಲಿಲ್ಲ, ಪಟ್ಟಿಯನ್ನೂ ಬಿಗಿಯಲಿಲ್ಲ. ಮೂಲೆಮಟ್ಟ ಇಟ್ಟು ಪೆನ್ಸಿಲಿನಲ್ಲಿ ಗೀಚಿ, ಮಷೀನನ್ನು ತಮ್ಮ ಕಡೆಗೆ ಎಳೆಯುತ್ತಾ ಕೂದಲಷ್ಟು ಆಳದ ಗೀರು ಹಾಕಿದರು. "ಮೊದಲ ಗೀರು ನೆಟ್ಟಗೆ ಬಿದ್ದರೆ ಸಾಕು ಸಾರ್, ಉಳಿದದ್ದು ಅದರ ಹಿಂದೆಯೇ ಹೋಗುತ್ತದೆ." ಹೋಯಿತು. ಗೋಡೆಯ ಮೂಲೆಯಲ್ಲಿ ಅವರು ಮಾಡಿದ್ದನ್ನು ನಾನು ಒಂದು ವಾರ ಮೊದಲು ನೋಡಿದ್ದರೆ ನನ್ನ ಕಲ್ಲು ಉಳಿಯುತ್ತಿತ್ತು. ಮೇಲಿನಿಂದ ಆದಷ್ಟು, ಕೆಳಗಿನಿಂದ ಆದಷ್ಟು ಕತ್ತರಿಸಿ, ಉಳಿದ ಗಂಟನ್ನು ಗೆರೆಯಿಂದ ಹೊರಗೆ ಸ್ವಲ್ಪ ಬಿಟ್ಟು, ಚಾಣ ಇಟ್ಟು ಎರಡು ಪೆಟ್ಟು ಕೊಟ್ಟರು. ಹೊರಗೆ ಉಳಿದ ಮೊಳಕೆಯನ್ನು ಆಮೇಲೆ ತೇಯ್ದು ಗೆರೆಗೆ ಸರಿಮಾಡಿದರು. ಹನ್ನೆರಡು ನಿಮಿಷದಲ್ಲಿ ತುಂಡು ಕೈಗೆ ಬಂದಿತ್ತು. ನನಗೆ ಇಡೀ ಶನಿವಾರ ಹಿಡಿದಿತ್ತು.

ಪಾಲಿಷಿನಲ್ಲಂತೂ ಹೋಲಿಕೆಯೇ ಇಲ್ಲ. 50ರಿಂದ ಶುರುಮಾಡಿ 100, 200, 400, 800, 1500, 3000 ಎಂದು ಪ್ಯಾಡ್‌ಗಳು ಒಂದಾದ ಮೇಲೊಂದು ನುಣುಪಾಗುತ್ತಾ ಹೋಗುತ್ತವೆ. ನಾನು 400 ಆದಮೇಲೆ ಬೇಸರವಾಗಿ 1500ಕ್ಕೆ ಹಾರಿದೆ. ನಮ್ಮದು ಕಪ್ಪು ಕಲ್ಲು, ಬಿಟ್ಟುಹೋದ ಒಂದೊಂದು ಗೀರೂ ಬಿಳಿಯಾಗಿ ಕಾಣುತ್ತದೆ. ಅದೃಷ್ಟಕ್ಕೆ ಆ ಅಂಚು ಫ್ರಿಜ್ಜಿನ ಮರೆಗೆ ಹೋಯಿತು. ಅಮ್ಮನ ಮನೆಯ ಅಂಚು ಓಡಾಡುವ ದಾರಿಯಲ್ಲೇ ಇದೆ. ಮೇಸ್ತ್ರಿ ಮೂಲೆಯನ್ನು ದುಂಡಗೆ ತಿರುವಿ, ಹಳೆಯ ಅಂಚಿನ ಹೊಳಪಿಗೆ ಜೋಡಿಸಿಬಿಟ್ಟರು. ಎಲ್ಲಿ ಕತ್ತರಿಸಿದ್ದೆಂದು ಬೆರಳಾಡಿಸಿದರೂ ತಿಳಿಯುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಾನೇ ಗೆದ್ದೆ, ಅದು ಸಣ್ಣದಲ್ಲ. ಅವರು ನೀರನ್ನೇ ಮುಟ್ಟಲಿಲ್ಲ. ಒಣದಾಗಿಯೇ ಕತ್ತರಿಸಿದರು. ಬಾಗಿಲು ಮುಚ್ಚುವಷ್ಟರಲ್ಲಿ ದೇವರ ಮನೆಯ ದೀಪದಿಂದ ಹಿಡಿದು ಉಪ್ಪಿನಕಾಯಿ ಜಾಡಿಯವರೆಗೆ ಬಿಳಿ ಪುಡಿ. ಎರಡು ದಿನ ಒರೆಸಿದೆವು. ಮನೆ ಒರೆಸಿದರೆ ಹೋಗುತ್ತದೆ, ಎದೆಗೆ ಹೋದದ್ದು ಹೋಗುವುದಿಲ್ಲ. ನಮ್ಮ ಮೈಸೂರಿನ ಕಲ್ಲು ಚಾಮರಾಜನಗರದ ಕಡೆಯ ಕಪ್ಪು ಕಲ್ಲು. ಅಂಗಡಿಯಲ್ಲಿ ಗ್ರಾನೈಟ್ ಎಂದರೂ ಭೂವಿಜ್ಞಾನದ ಲೆಕ್ಕದಲ್ಲಿ ಅದು ಡೋಲರೈಟ್, ಅದರಲ್ಲಿ ಬೆಣಚು (ಕ್ವಾರ್ಟ್ಜ್) ಕಡಿಮೆ. ಅಮ್ಮನ ಮನೆಯದು ಗುಲಾಬಿ ಚುಕ್ಕೆಯ ನಿಜವಾದ ಗ್ರಾನೈಟ್, ಬೆಣಚು ತುಂಬಿದ್ದು. ಆ ಬೆಣಚಿನ ನುಣ್ಣನೆಯ ಧೂಳು ವರ್ಷಗಟ್ಟಲೆ ಒಳಹೋದರೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ, ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಮೇಸ್ತ್ರಿ ಮೂಗಿಗೆ ಟವೆಲ್ ಸುತ್ತಿಕೊಂಡಿದ್ದರು. ಬಟ್ಟೆ ಆ ಧೂಳನ್ನು ತಡೆಯುವುದಿಲ್ಲ ಎಂದು ನನ್ನಲ್ಲಿದ್ದ ಎನ್-95 ಕೊಟ್ಟೆ. ನಕ್ಕು ಜೇಬಿಗೆ ಹಾಕಿಕೊಂಡರು. ಕೆಲಸ ಕೊಟ್ಟವನು ನಾನು. "ನೀರು ಹಾಕದೆ ಕತ್ತರಿಸಬೇಡಿ" ಎಂದು ಮೊದಲೇ ಷರತ್ತು ಹಾಕಬೇಕಿತ್ತು.

ನೀರಿಗೂ ಒಂದು ರಗಳೆಯಿದೆ. ನನ್ನ ಕಲ್ಲಿನ ಕೆಸರಿನಲ್ಲಿ ಅರ್ಧದಷ್ಟನ್ನು ಸಿಂಕಿಗೆ ತೊಳೆದುಬಿಟ್ಟೆ. ಅದು ಪೈಪಿನ ಬಾಗಿನಲ್ಲಿ ಗಟ್ಟಿಯಾಗಿ ಕೂತು, ಬಿಚ್ಚಿಸಲು ಪ್ಲಂಬರ್‌ಗೆ 400 ರೂಪಾಯಿ ತೆತ್ತೆ. ಮೇಲಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ.

ಆ ಉಗುರಿನಗಲದ ಗಾಯಕ್ಕೆ ಅರಾಲ್ಡೈಟ್ ಅಂಟಿಗೆ ಕಪ್ಪು ಕಲ್ಲಿನ ಪುಡಿ ಕಲಸಿ ತುಂಬಿದ್ದೇನೆ. ಮೇಲೆ ಉಪ್ಪಿನ ಭರಣಿ ಕೂತಿದೆ. ಈಗ ಹೊಸ ಒಲೆಗಾಗಿ ಕಿಂಡಿಯನ್ನು ಒಂದು ಇಂಚು ಅಗಲಿಸಬೇಕಂತೆ. ಅಟ್ಟ ಹತ್ತಲಿಲ್ಲ, ಮಂಡ್ಯದ ಮೇಸ್ತ್ರಿಗೆ ಫೋನ್ ಮಾಡಿದೆ. ನೀರಿನ ಷರತ್ತಿಗೆ ಒಪ್ಪಿದ್ದಾರೆ. ಭಾನುವಾರ ಬರುತ್ತೇನೆ ಎಂದಿದ್ದಾರೆ, ಯಾವ ಭಾನುವಾರವೆಂದು ಹೇಳಿಲ್ಲ.