ಆಟಿಯ ಮಳೆಯಲ್ಲಿ ನೆನೆದ ಯಾಗಿ ಆಂಟೆನಾ

ಹವ್ಯಾಸಿ ರೇಡಿಯೋದ (ಹ್ಯಾಮ್) ಎರಡು ಮೀಟರ್ ಬ್ಯಾಂಡಿಗೆಂದು, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳಿಗೆಂದು, ಹೊರರಾಜ್ಯದ ಒಬ್ಬ ಸಣ್ಣ ತಯಾರಕರಿಂದ ತರಿಸಿಕೊಂಡ ಐದು ಎಲಿಮೆಂಟಿನ (ಲೋಹದ ಕಡ್ಡಿಗಳ) ಯಾಗಿ ಆಂಟೆನಾವನ್ನು ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯ ತಾರಸಿಯಲ್ಲಿ ಒಂದು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೇಸಿಗೆಯಲ್ಲೇ ಬರೆದಿದ್ದರೆ ಬರಿಯ ಹೊಗಳಿಕೆಯಾಗುತ್ತಿತ್ತು.

ಲೋಹದ ಕೆಲಸ ಅಚ್ಚುಕಟ್ಟಾಗಿದೆ. ಹಿಂದಿನ ರಿಫ್ಲೆಕ್ಟರ್ ಒಂದು ಮೀಟರಿಗಿಂತ ತುಸು ಉದ್ದ, ಮುಂದಿನ ಮೂರು ಡೈರೆಕ್ಟರುಗಳು ಕ್ರಮವಾಗಿ ಗಿಡ್ಡ. ಟೇಪು ಹಿಡಿದು ಅಳೆದಾಗ ಯಾವ ಕಡ್ಡಿಯಲ್ಲೂ ಎರಡು ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಉದಾ ಮತ್ತು ಯಾಗಿ ಎಂಬ ಜಪಾನಿ ಸಂಶೋಧಕರು 1926ರಲ್ಲಿ ಪ್ರಕಟಿಸಿದ ಈ ವಿನ್ಯಾಸದಲ್ಲಿ ಕೇಬಲ್ ಸೇರುವುದು ಒಂದೇ ಕಡ್ಡಿಗೆ, ಉಳಿದವು ಅದರ ಅಲೆಗಳನ್ನು ಒಂದೇ ದಿಕ್ಕಿಗೆ ಒಗ್ಗೂಡಿಸುತ್ತವೆಯಾದ್ದರಿಂದ, ಕಡ್ಡಿಗಳ ಉದ್ದವೂ ಅಂತರವೂ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ.

ತೊಂದರೆ ಕಂಬಕ್ಕೆ ಬಿಗಿಯುವ ಕ್ಲ್ಯಾಂಪಿನಿಂದ ಆರಂಭವಾಗುತ್ತದೆ. ಅದನ್ನು ಕಡ್ಡಿಗಳನ್ನು ಹೊತ್ತ ಉದ್ದನೆಯ ಬೂಮಿನ ನಡುವಿಗೆ ಕೊಟ್ಟಿದ್ದಾರೆ. ದೂರದರ್ಶನದ ಹಳೆಯ ಆಂಟೆನಾದಂತೆ ಕಡ್ಡಿಗಳನ್ನು ಅಡ್ಡ ಹಿಡಿಯುವುದಾದರೆ ಇದು ಸರಿಯೇ. ಆದರೆ ಎಫ್‌ಎಂ ರಿಪೀಟರುಗಳ (ಸಂಕೇತವನ್ನು ಹಿಡಿದು ಮತ್ತೆ ಬಿತ್ತರಿಸುವ ನಿಲಯಗಳ) ಅಲೆ ಲಂಬವಾಗಿರುವುದರಿಂದ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಬೇಕು, ಆಗ ಕಂಬವಾಗಿರುವ ಜಿಐ ಪೈಪು ಅವುಗಳಿಗೆ ಸಮಾನಾಂತರವಾಗಿ ನಡುವೆಯೇ ನಿಂತು ದಿಕ್ಕನ್ನೇ ಕೆಡಿಸುತ್ತದೆ. ಅಡ್ಡವೇ ಇಟ್ಟುಬಿಡೋಣವೆಂದರೆ ಇಪ್ಪತ್ತು ಡೆಸಿಬೆಲ್, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು, ನಷ್ಟವಾಗಬಹುದು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನೇ ಕಂಬವಾಗಿಸಬಾರದೇಕೆ ಎಂದು ನೆರೆಯವರೊಬ್ಬರು ಕೇಳಿದ್ದರು. ಅದೂ ವಿದ್ಯುತ್ ಹರಿಯುವ ವಸ್ತುವೇ. ಕೊನೆಗೆ ಪೈಪಿನ ತುದಿಗೆ ಒಂದೂವರೆ ಮೀಟರ್ ಬಿದಿರು ಕಟ್ಟಿ ಅದಕ್ಕೆ ಬೂಮನ್ನು ಬಿಗಿದೆ. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ನಡೆಯುತ್ತದೆ.

ನಿಜವಾದ ದೂರು ಕೇಬಲ್ ಸೇರುವ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ. ಮೇ ತಿಂಗಳಲ್ಲಿ 145 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಕಳುಹಿಸಿದ ಶಕ್ತಿ ಎಷ್ಟು ಹಿಂದಿರುಗುತ್ತದೆಂದು ತೋರುವ ಅಳತೆ, 1 ಇದ್ದರೆ ಏನೂ ಹಿಂದಿರುಗುವುದಿಲ್ಲ) 1.3 ಇತ್ತು. ಆಟಿ ತಿಂಗಳ (ಜುಲೈ-ಆಗಸ್ಟ್) ಎಡೆಬಿಡದ ಮಳೆಯ ಒಂದು ವಾರದ ಬಳಿಕ ಅದು 2.8ಕ್ಕೆ ಏರಿತು, ಎಂದರೆ ಕಳುಹಿಸಿದ ಶಕ್ತಿಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಹಿಂದಿರುಗುತ್ತಿತ್ತು. ಡಬ್ಬಿ ಬಿಚ್ಚಿದಾಗ ಒಂದು ಚಮಚದಷ್ಟು ನೀರು, ಹಸಿರು ಕಿಲುಬು ಹಿಡಿದ ತಾಮ್ರದ ಎಳೆಗಳು, ಅವು ನೇರವಾಗಿ ತಾಗಿದಲ್ಲಿ ಬಿಳಿಯ ಪುಡಿಯಾಗಿ ಸವೆದ ಅಲ್ಯೂಮಿನಿಯಂ ಕಂಡವು. ನೀರು ಇಳಿದುಹೋಗಲು ಡಬ್ಬಿಯ ತಳದಲ್ಲಿ ಒಂದು ತೂತೂ ಇರಲಿಲ್ಲ. ತಯಾರಕರಿಗೆ ಫೋನು ಮಾಡಿದರೆ "ನಮ್ಮ ಕಡೆ ಯಾರೂ ಹೀಗೆ ಹೇಳಿಲ್ಲ" ಎಂದರು. ಅವರ ಕಡೆ ಮಳೆ ಎಷ್ಟು ಬರುತ್ತದೋ! ನಾನೇ ಎಲ್ಲವನ್ನೂ ಉಜ್ಜಿ, ತಾಮ್ರ ಮತ್ತು ಅಲ್ಯೂಮಿನಿಯಂ ನಡುವೆ ಸ್ಟೀಲ್ ವಾಷರ್ ಹಾಕಿ, ತಳಕ್ಕೆ ಮೂರು ಮಿಲಿಮೀಟರಿನ ತೂತು ಕೊರೆದು, ಕನೆಕ್ಟರಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿದೆ. ಆ ಮೇಲೆ ಸೋರಿಲ್ಲ.

ಜೊತೆಗೆ ಬಂದ ಹದಿನೈದು ಮೀಟರ್ ಆರ್‌ಜಿ-58 ಕೇಬಲನ್ನು ಬಳಸಬೇಡಿ. ಈ ಆವರ್ತನದಲ್ಲಿ ಅದು ಅರ್ಧದಷ್ಟು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ದಪ್ಪದ ಆರ್‌ಜಿ-213ರಲ್ಲಿ ನಷ್ಟ ಕಾಲು ಭಾಗದ ಆಸುಪಾಸು.

ಇಷ್ಟಾದ ಮೇಲೆ ಆಂಟೆನಾ ತನ್ನ ಬೆಲೆಗೆ ನ್ಯಾಯ ಒದಗಿಸಿದೆ. ಕೈಸೆಟ್ಟಿನ ಗಿಡ್ಡ ರಬ್ಬರ್ ಆಂಟೆನಾದಲ್ಲಿ ಬರಿಯ ಗೊರಗೊರ ಕೇಳುತ್ತಿದ್ದ ಮಂಗಳೂರಿನ ಕಡೆಯ ನಿಲಯಗಳು ಈಗ ಐದು ವ್ಯಾಟಿನಲ್ಲೇ ಸ್ಪಷ್ಟ. ಪೂರ್ವಕ್ಕೆ ತಿರುಗಿಸಿದರೆ ಮಾತ್ರ ಗುಡ್ಡಗಳು ಅಡ್ಡ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರ ಕಳುಹಿಸುವ ದಿನಗಳಲ್ಲಿ ಇದನ್ನು ಬಿಚ್ಚಿ ಕೈಯಲ್ಲೇ ಹಿಡಿದು, ಕಂಗಿನ ತಲೆಗಳ ಮೇಲಿಂದ ಹತ್ತು ನಿಮಿಷ ಅದರ ಜಾಡು ಹಿಡಿದಿದ್ದೇನೆ.

ಬೂಮು, ಕಡ್ಡಿಗಳನ್ನಷ್ಟೇ ಬಿಡಿಯಾಗಿ ಕೊಡುವುದಾದರೆ ಇನ್ನೊಂದನ್ನು ತರಿಸಲು ನಾನು ಸಿದ್ಧ. ಡಬ್ಬಿ ಅವರಲ್ಲೇ ಇರಲಿ.