ಎಗ್ಮಾಂಡ್ ಆನ್ ಝೇ: ಈಜೋದಕ್ಕೆ ಎರಡು, ಗಾಳಿಗೆ ಐದು

ಮೊದಲೇ ಹೇಳಿಬಿಡುತ್ತೇನೆ. ಸಮುದ್ರದಲ್ಲಿ ಮುಳುಗೇಳಬೇಕು ಅಂತ ಹೋಗುವವರಿಗೆ ನೆದರ್‌ಲ್ಯಾಂಡ್ಸ್‌ನ ಈ ಕಡಲತೀರದ ಊರು ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು. ಸುಮ್ನೆ ಗಾಳಿಯಲ್ಲಿ ನಡೆದು ಬರುತ್ತೇನೆ ಅನ್ನುವವರಿಗೆ ಐದಕ್ಕೆ ಐದು.

ನಾನು ಕಲಬುರಗಿಯ ಬ್ರಹ್ಮಪುರದವಳು. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತೇನೆ. ಮಗ ನೆದರ್‌ಲ್ಯಾಂಡ್ಸ್‌ನ ಆಲ್ಕ್‌ಮಾರ್‌ನಲ್ಲಿದ್ದಾನೆ. ಮೊಮ್ಮಗಳು ಹುಟ್ಟಿದಾಗ ಅಕ್ಟೋಬರ್ ಕೊನೆಗೆ ಹೋದವಳು ಸಂಕ್ರಾಂತಿ ಹೊತ್ತಿಗೆ ವಾಪಸ್ ಬಂದೆ. ಆಮೇಲೆ ಮೇ ತಿಂಗಳಲ್ಲಿ ಹೋಗಿ ಆಗಸ್ಟ್ ತನಕ ಇದ್ದೆ. ಸ್ವಲ್ಪ ದಿನದ ಭೇಟಿಗೆ ಕೊಡುವ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಲು ಬಿಡುತ್ತಾರೆ. ಅದಕ್ಕೇ ಹೀಗೆ ತುಂಡು ತುಂಡು. ಆದರೆ ಅದರಿಂದ ಒಂದು ಲಾಭವೂ ಆಯಿತು. ಒಂದೇ ಊರನ್ನು ಚಳಿಯಲ್ಲೂ ನೋಡಿದೆ, ಬೇಸಿಗೆಯಲ್ಲೂ ನೋಡಿದೆ.

ಆಲ್ಕ್‌ಮಾರ್ ಸ್ಟೇಷನ್ನಿನಿಂದ ಬಸ್ಸಿದೆ, ಅರ್ಧ ಗಂಟೆಯೂ ಬೇಡ. ಒಂದು ಎಚ್ಚರ: ಅಲ್ಲಿ ಎಗ್ಮಾಂಡ್ ಅನ್ನೋ ಊರು ಮೂರಿವೆ. ‘ಝೇ’ ಅಂದರೆ ಸಮುದ್ರ. ಬೋರ್ಡಿನಲ್ಲಿ ಅದನ್ನು ನೋಡಿಯೇ ಇಳಿಯಬೇಕು. ನಾನು ಮೊದಲ ಸಲ ಬರೀ ಎಗ್ಮಾಂಡ್ ಅಂತ ಕೇಳಿಸಿದ ಕಡೆ ಇಳಿದುಬಿಟ್ಟೆ. ಹೊಲದ ಪಕ್ಕ ನಿಂತು ‘ಸಮುದ್ರ ಎಲ್ಲಿ?’ ಅಂತ ಮಗನಿಗೆ ಫೋನ್ ಮಾಡಿದೆ. ಅವನು ಈಗಲೂ ನಗುತ್ತಾನೆ.

ಅಕ್ಟೋಬರ್ ಕೊನೆಗೆ ಹೋದಾಗ ಕಂಡದ್ದು ಸಮುದ್ರಕ್ಕಿಂತ ಜಾಸ್ತಿ ಮರದ ಹಲಗೆ. ಬೀಚಿನ ಮೇಲಿನ ಹೋಟೆಲುಗಳನ್ನು ಬಿಚ್ಚುತ್ತಿದ್ದರು. ಗೋಡೆ, ನೆಲ, ಗಾಜು, ಎಲ್ಲಾ ಲಾರಿಗೆ. ಚಳಿಗಾಲದ ಬಿರುಗಾಳಿಗೆ ಮರಳ ಮೇಲೆ ಏನೂ ಉಳಿಯುವುದಿಲ್ಲ, ಹಾಗಾಗಿ ಬಹಳಷ್ಟು ಹೋಟೆಲುಗಳು ವಸಂತದಲ್ಲಿ ಕಟ್ಟಿ ಶರತ್ಕಾಲದಲ್ಲಿ ಬಿಚ್ಚುವಂಥವು. ವರ್ಷವಿಡೀ ನಿಲ್ಲುವವು ಕೆಲವೇ. ನನಗೇನೂ ಹೊಸದೆನಿಸಲಿಲ್ಲ. ಹೋಳಿ ಆದಮೇಲೆ ನಮ್ಮ ಶರಣಬಸವೇಶ್ವರ ಜಾತ್ರೆಗೆ ಬರುವ ತೊಟ್ಟಿಲು, ಬಳೆ ಅಂಗಡಿ, ಮಿಠಾಯಿ ಅಂಗಡಿಯವರು ಕೊನೆಗೆ ತಗಡು ಕಳಚಿಕೊಂಡು ಹೋಗುತ್ತಾರಲ್ವಾ, ಹಾಗೇ. ವ್ಯತ್ಯಾಸ ಅಂದರೆ ಇವರ ಹೋಟೆಲಿನಲ್ಲಿ ಸೋಫಾ ಇರುತ್ತದೆ.

ನವೆಂಬರಿನ ಗಾಳಿಯನ್ನು ಹೇಗೆ ಹೇಳಲಿ? ಮರಳು ನಮ್ಮ ಹಿಮ್ಮಡಿ ಎತ್ತರದಲ್ಲಿ ಹಾವಿನ ಹಾಗೆ ಹರಿಯುತ್ತದೆ. ಮಾತಾಡಿದರೆ ಹಲ್ಲಿಗೆ ಮರಳು. ಊಲನ್ ಸ್ವೆಟರ್ ಮೂರು ಹಾಕಿಕೊಂಡಿದ್ದೆ, ಒಂದೂ ಕೆಲಸ ಮಾಡಲಿಲ್ಲ. ಗಾಳಿ ತಡೆಯುವ ಒಂದು ಜಾಕೆಟ್ ಸಾಕು. ಆದರೆ ಆ ದಿನಗಳಲ್ಲಿ ಬೀಚಿನಲ್ಲಿ ನಾನು, ನಾಯಿ ಕರೆದುಕೊಂಡು ಬಂದ ಇಬ್ಬರು ಮುದುಕರು, ಅಷ್ಟೇ. ದಿನಾ ಒಲೆ ಮುಂದೆ ಕೂಡುವ ನನಗೆ ಆ ತಣ್ಣನೆ ಗಾಳಿ ಮುಖಕ್ಕೆ ಹೊಡೆದಾಗ ಆದ ಖುಷಿಯನ್ನು ಅಲ್ಲಿಯವರಿಗೆ ಹೇಳಿದರೆ ಅರ್ಥ ಆಗಲಿಲ್ಲ.

ಊರಿನ ಬೆನ್ನಿಗೆ, ಎಡಕ್ಕೆ, ಬಲಕ್ಕೆ ಮರಳುದಿಬ್ಬ. ಅದರ ಮೇಲೆ ಚೂಪಾದ ಹುಲ್ಲು. ಅದನ್ನು ಕೀಳುವ ಹಾಗಿಲ್ಲ, ಯಾಕೆಂದರೆ ಮರಳನ್ನು ಹಿಡಿದಿಡುವುದೇ ಆ ಹುಲ್ಲಿನ ಬೇರು. ಮರಳು ಹೋದರೆ ಏನಾಗುತ್ತದೆ ಅಂತ ಈ ಊರಿಗೆ ಗೊತ್ತು. 1741ರಲ್ಲಿ ಇಲ್ಲಿಯ ಚರ್ಚಿನ ಗೋಪುರವೇ ಸಮುದ್ರಕ್ಕೆ ಬಿತ್ತು. ಈಗ ಅಲೆ ಕೊಚ್ಚಿಕೊಂಡು ಹೋದಷ್ಟು ಮರಳನ್ನು ಹಡಗಿನಲ್ಲಿ ತಂದು ಮತ್ತೆ ತುಂಬುತ್ತಾರೆ.

ದಿಬ್ಬದೊಳಗೆ ನಡೆದಾಡಲು ಟಿಕೆಟ್ ಇದೆ. ಮರಳಿಗೂ ದುಡ್ಡಾ ಅಂತ ಮೊದಲು ಗೊಣಗಿದೆ. ಆಮೇಲೆ ಮಗ ಹೇಳಿದ, ಈ ದಿಬ್ಬಗಳನ್ನು ನೋಡಿಕೊಳ್ಳೋದು ನೀರಿನ ಕಂಪನಿ ಅಂತ. ಐಸೆಲ್‌ಮೇರ್ ಅನ್ನುವ ದೊಡ್ಡ ಸರೋವರದ ನೀರನ್ನು ಒಂದಿಷ್ಟು ಶುದ್ಧ ಮಾಡಿ, ಇದೇ ಮರಳುದಿಬ್ಬದ ಸಾಲಿನಲ್ಲಿ ಸ್ವಲ್ಪ ದಕ್ಷಿಣಕ್ಕೆ ಇಂಗಿಸುತ್ತಾರೆ. ಮರಳಿನಲ್ಲಿ ಸೋಸಿ ಬಂದ ನೀರನ್ನು ಎತ್ತಿ ಮನೆಗಳಿಗೆ ಕೊಡುತ್ತಾರೆ. ನಳದ ನೀರಿಗೆ ಕ್ಲೋರಿನ್ ವಾಸನೆಯೇ ಇಲ್ಲ. ಆ ಕಡೆ ಉಪ್ಪು ಸಮುದ್ರ, ಈ ಕಡೆ ಕುಡಿಯೋ ನೀರು! ನಮ್ಮ ಓಣಿಯಲ್ಲಿ ನಳ ಬರುವ ದಿನ ನೆನಪಿಟ್ಟುಕೊಂಡು ಕೊಡ ಸಾಲು ಹಚ್ಚುವವಳು ನಾನು. ಟಿಕೆಟ್ ದುಡ್ಡು ಸಂತೋಷದಿಂದ ಕೊಟ್ಟೆ.

ಡಿಸೆಂಬರಿನಲ್ಲಿ ಊಟ ಆದ ತಕ್ಷಣ ಹೊರಡಬೇಕು. ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಆಗ ಬಿಳಿ ದೀಪಸ್ತಂಭ ಹತ್ತಿಕೊಳ್ಳುತ್ತದೆ. 1834ರದ್ದು ಅದು. ಶತ್ರುಗಳ ಕೈಗೆ ಸಿಗಬಾರದು ಅಂತ 1831ರಲ್ಲಿ ತನ್ನ ಹಡಗನ್ನು ತಾನೇ ಸಿಡಿಸಿಕೊಂಡ ವಾನ್ ಸ್ಪೈಕ್ ಎಂಬ ನೌಕಾಧಿಕಾರಿಯ ಹೆಸರು ಅದಕ್ಕೆ. ಜನವರಿಯಲ್ಲಿ ಹಾಫ್ ಮ್ಯಾರಥಾನ್ ಇರುತ್ತದೆ, 1973ರಿಂದ ನಡೆಯುತ್ತಿದೆಯಂತೆ. ಆ ಚಳಿಯಲ್ಲಿ, ಒದ್ದೆ ಮರಳಿನ ಮೇಲೆ, ಚಡ್ಡಿ ಹಾಕಿಕೊಂಡು ಓಡುತ್ತಾರೆ. ನೋಡಿ ನಾನೇ ನಡುಗಿದೆ.

ಊಟದ ವಿಷಯ. ನಾವು ಮಾಂಸ, ಮೀನು ತಿನ್ನೋದಿಲ್ಲ. ಈ ಊರಿನ ಹೆಸರಿರುವುದೇ ಮೀನಿಗೆ. ಕಿಬ್ಬೆಲಿಂಗ್ ಅಂತ ಹಿಟ್ಟಿನಲ್ಲಿ ಅದ್ದಿ ಕರಿದ ಮೀನಿನ ತುಂಡು, ಹೆರಿಂಗ್ ಮೀನು. ಚಳಿಗಾಲದ ಬಟಾಣಿ ಸೂಪ್ ನೋಡಿ ಆಸೆಪಡಬೇಡಿ, ಅದರಲ್ಲಿ ಹಂದಿಮಾಂಸ ಇರುತ್ತದೆ. ನಮಗೆ ಉಳಿಯುವುದು ಬಿಸಿ ಬಿಸಿ ಆಲೂಗಡ್ಡೆ ಫ್ರೈಸ್, ದಾಲ್ಚಿನ್ನಿ ಹಾಕಿದ ಸೇಬಿನ ಕೇಕ್. ಕೇಕ್ ನಿಜಕ್ಕೂ ಛಲೋ ಇತ್ತು. ಚಹಾ ಮಾತ್ರ ಕೇಳಬೇಡಿ: ಒಂದು ಲೋಟ ಬಿಸಿನೀರು, ಪಕ್ಕದಲ್ಲಿ ಒಂದು ಪುಡಿ ಚೀಲ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಓಣಿಗೆಲ್ಲಾ ಚಹಾ ಕುಡಿಸಬಹುದಿತ್ತು.

ಬೇಸಿಗೆ ಬೇರೆಯೇ ಊರು. ಮೇ ಕೊನೆಗೆ ಹೋಟೆಲುಗಳೆಲ್ಲಾ ಮತ್ತೆ ಎದ್ದು ನಿಂತಿದ್ದವು. ಕಲಬುರಗಿಯಲ್ಲಿ 42 ಡಿಗ್ರಿ ಬಿಟ್ಟು ಬಂದವಳಿಗೆ ಅಲ್ಲಿಯವರು 20 ಡಿಗ್ರಿಗೆ ‘ಸೆಕೆ ಸೆಕೆ’ ಅಂದು ಅಂಗಿ ಬಿಚ್ಚುವುದು ಕಂಡು ನಗು ಬಂತು. ಜೂನಿನಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತರ ಮೇಲೆ, ನೇರ ಸಮುದ್ರದೊಳಗೇ. ದೂರದಲ್ಲಿ ನೀರಿನ ನಡುವೆ ಗಾಳಿಗಿರಣಿಗಳ ಸಾಲು. 36 ಗಿರಣಿಗಳ ಆ ಸಾಲು 2007ರಲ್ಲಿ ಉದ್ಘಾಟನೆ ಆದದ್ದಂತೆ. ನಾನು ಇಪ್ಪತ್ತರ ತನಕ ಎಣಿಸಿ ಬಿಟ್ಟೆ.

ನೀರು ಮಾತ್ರ ಬೇಸಿಗೆಯಲ್ಲೂ ತಣ್ಣಗೆ. ಮೊಣಕಾಲ ತನಕ ಇಳಿದೆ, ಕಾಲು ಮರಗಟ್ಟಿತು, ಹತ್ತಿದೆ. ಈಜುವವರು ಕೆಂಪು–ಹಳದಿ ಬಾವುಟದ ನಡುವೆ ಇರಬೇಕು, ಅಲ್ಲಿ ಕಾವಲಿನವರಿರುತ್ತಾರೆ. ನೀರಿನೊಳಗೆ ಮರಳಿನ ದಿಣ್ಣೆಗಳಿವೆ. ಒಳಗೆ ಬಂದ ನೀರು ಎರಡು ದಿಣ್ಣೆಗಳ ನಡುವಿನ ಸಂದಿನಿಂದ ಜೋರಾಗಿ ವಾಪಸ್ ಹೋಗುತ್ತದೆ, ಮನುಷ್ಯರನ್ನೂ ಎಳೆದೊಯ್ಯುತ್ತದೆ. ಸಿಕ್ಕಿಕೊಂಡರೆ ನೇರ ದಂಡೆಯ ಕಡೆಗೇ ಬರಲು ಒದ್ದಾಡದೆ, ದಂಡೆಯ ಉದ್ದಕ್ಕೆ ಅಡ್ಡಲಾಗಿ ಪಕ್ಕಕ್ಕೆ ಈಜಬೇಕಂತೆ. ಜುಲೈ, ಆಗಸ್ಟ್‌ನ ಶನಿವಾರ, ಭಾನುವಾರ ಹೋಗಲೇಬೇಡಿ. ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ಬೆಳ್ಳಕ್ಕಿ. ಅಂದರೆ ನಮ್ಮ ಬೆಳ್ಳಕ್ಕಿ ಅಲ್ಲ, ಕೋಳಿಯಷ್ಟು ದಪ್ಪದ ಕಡಲಹಕ್ಕಿ. ಜುಲೈನಲ್ಲಿ ಒಂದು ದಿನ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆ. ಕಲಬುರಗಿಯಿಂದ ಒಯ್ದ ರೊಟ್ಟಿ, ಒಂದೂ ಮುರಿಯದ ಹಾಗೆ ಸೀರೆಯಲ್ಲಿ ಸುತ್ತಿ ಒಯ್ದದ್ದು. ಬಿಚ್ಚಿ ಕೈಯಲ್ಲಿ ಹಿಡಿದಿದ್ದೇ ತಡ, ಹಿಂದಿನಿಂದ ಬಂದು ಅಷ್ಟಗಲ ರೊಟ್ಟಿಯನ್ನು ಕೊಕ್ಕಿನಲ್ಲಿ ಕಚ್ಚಿ ಎತ್ತಿಕೊಂಡು ಹೋಯಿತು. ಗಾಳಿಗೆ ರೊಟ್ಟಿ ಪಟದ ಹಾಗೆ ತಿರುಗಿತು. ಹಕ್ಕಿ ಬಿಡಲಿಲ್ಲ. ಪಕ್ಕದ ಅಜ್ಜಿ ಅಯ್ಯೋ ಅಂದು ತನ್ನ ಫ್ರೈಸ್ ಪೊಟ್ಟಣ ನನ್ನ ಮುಂದೆ ಹಿಡಿದಳು. ನಾನು ಉಳಿದ ರೊಟ್ಟಿಯಲ್ಲಿ ಅರ್ಧ ಮುರಿದು ಹಿಂಡಿ ಹಚ್ಚಿ ಕೊಟ್ಟೆ. ಖಾರಕ್ಕೆ ಆಕೆಯ ಕಣ್ಣಲ್ಲಿ ನೀರು ಬಂತು, ಆದರೂ ಪೂರ್ತಿ ತಿಂದಳು.

ನೀವು ರೊಟ್ಟಿ ಒಯ್ಯುವುದಾದರೆ ಮುಚ್ಚಳ ಇರುವ ಡಬ್ಬಿಯಲ್ಲೇ ಒಯ್ಯಿರಿ. ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ಕೂಡಿರಿ.